ಬಾಸ್ಕೆಟ್ಟಿಗೆ ಕಟ್ಟಿದ ಗೆಜ್ಜೆ

ನೆಲದಡಿಯ ಧಾರವಾಡಕ್ಕೆ ಸೂರ್ಯನಿಲ್ಲ. ಬೆಳಕನ್ನು ಅನುದಾನ ನೋಡಿ ಅಳೆದು ಕೊಡುತ್ತಾರೆ. ಕಾಲೇಜು ಹುಡುಗರ ಬಾಸ್ಕೆಟ್‌ಬಾಲ್ ಫೈನಲ್ಲಿಗೆ ಕೊನೆಯವರೆಗೂ ದೀಪ, ಹುಡುಗಿಯರದಕ್ಕೆ ಅರ್ಧ ಆಟದವರೆಗೆ. ಅದಕ್ಕೇ ಕೋಚ್ ಸರೋಜಕ್ಕ ಎರಡೂ ಬಾಸ್ಕೆಟ್ಟಿನ ಬಲೆಗೆ ಗೆಜ್ಜೆ ಕಟ್ಟಿಸಿದ್ದಳು.

ಈ ವರ್ಷವೂ ಅರ್ಧ ಆಟಕ್ಕೆ ದೀಪ ಆರಿದವು. ಪ್ರೇಕ್ಷಕರು ರೂಢಿಯಂತೆ ಉಸಿರು ಬಿಗಿಹಿಡಿದು ಕೂತರು. ಮೊದಲ ಸಲ ಬಂದಿದ್ದ ಕ್ರೀಡಾ ಮಂಡಳಿಯ ಅಧ್ಯಕ್ಷರು ಮಾತ್ರ ಗಾಬರಿಯಾದರು.

"ಮ್ಯಾಚ್ ನಿಂತಬಿಡ್ತೇನ್ರಿ?"

"ಸುಮ್ನ ಕುಂದರ್ರಿ ಸರ. ಹುಡುಗ್ಯಾರಿಗೆ ಚೆಂಡಿನ ಸಪ್ಪಳ ಕೇಳಬೇಕು" ಎಂದಳು ಸರೋಜಕ್ಕ.

ಆಟ ಮುಗಿಯಲು ಬಂದಾಗ ಅವಳ ತಂಡ ಒಂದೇ ಅಂಕ ಹಿಂದಿತ್ತು. ತಾವಿರುವ ಜಾಗ ತಿಳಿಸಲು ಹುಡುಗಿಯರು ಕತ್ತಲಲ್ಲಿ ಬೆರಳಿನಿಂದ ಚಿಟಿಕೆ ಹೊಡೆಯುತ್ತಿದ್ದರು, ಇಲ್ಲೊಂದು, ಅಲ್ಲೊಂದು. ಚೆಂಡು ಆ ಚಿಟಿಕೆಗಳ ಬೆನ್ನು ಹತ್ತಿ ಕೈಯಿಂದ ಕೈಗೆ ಹಾರುತ್ತಿತ್ತು. ಪ್ರತಿಯೊಬ್ಬಳ ಚಿಟಿಕೆಯೂ ಸರೋಜಕ್ಕನಿಗೆ ಗುರುತು. ಕೊನೆಗೆ ಮೂಲೆಯಲ್ಲಿ ನಾಯಕಿ ದಾನಮ್ಮನದು ಕೇಳಿತು. ಆಮೇಲೆ ಏನೂ ಕೇಳಿಸಲಿಲ್ಲ.

ಗೆಜ್ಜೆ ಘಲ್ಲೆಂದಿತು. ಅದರ ಹಿಂದೆಯೇ ಸೀಟಿ. ಇಡೀ ಕ್ರೀಡಾಂಗಣ ಕುಣಿದಾಡಿತು. ಸರೋಜಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಧ್ಯಕ್ಷರು ತಡಕಾಡುತ್ತ ಹುಡುಗಿಯರ ಬಳಿ ಬಂದರು. "ಎಷ್ಟ ಚಂದ ಆಡಿದ್ರವಾ! ಕತ್ತಲ್ಯಾಗ ಹಿಂಗ ಆಡೋರಿಗೆ ಇನ್ನ ದೀಪ ಯಾಕ ಬೇಕು?"

ದಾನಮ್ಮ ಇನ್ನೂ ಏದುಸಿರು ಬಿಡುತ್ತಿದ್ದಳು. "ಹಂಗಾದ್ರ ಮುಂದಿನ ವರ್ಷ ಹುಡುಗರ ಫೈನಲ್ಲೂ ಕತ್ತಲ್ಯಾಗ ಆಡಸ್ರಿ ಸರ. ಗೆಜ್ಜಿ ನಾವ ಕೊಡ್ತೀವಿ."