ಉಪ್ಪು ಕಡಿಮೆಯಾದ ಹೋಟೆಲು

ಯುಗಾದಿಯಿಂದೀಚೆಗೆ ಇಡ್ಲಿ ಹೋಟೆಲಿನಲ್ಲಿ ಗಿರಾಕಿಗಳು ಅರ್ಧಕ್ಕರ್ಧ ಕಡಿಮೆಯಾಗಿದ್ದರು. ಹದಿನಾಲ್ಕು ವರ್ಷದಿಂದ ಅಡುಗೆ ಮಾಡುತ್ತಿದ್ದ ದ್ಯಾವಪ್ಪನನ್ನು ಬಿಡಿಸುವುದೋ, ಬೇಳೆ ಬದಲಿಸುವುದೋ, ಹೋಟೆಲನ್ನೇ ಬಸ್ ಸ್ಟ್ಯಾಂಡಿನ ಹತ್ತಿರಕ್ಕೆ ಸಾಗಿಸುವುದೋ ಎಂದು ಮಾಲೀಕ ಬಸವಲಿಂಗಯ್ಯ ಮೀನಮೇಷ ಎಣಿಸುತ್ತಿದ್ದ. ಉಪಚಾರಕ್ಕಂತೂ ಕೊರತೆಯಿರಲಿಲ್ಲ. ಹಬ್ಬದ ದಿನದಿಂದ ಅವನೇ ಮೇಜಿಂದ ಮೇಜಿಗೆ ಹೋಗಿ ವಿಚಾರಿಸಿಕೊಳ್ಳುತ್ತಿದ್ದ.

"ಸಾಂಬಾರು ಹೆಂಗಿದೆ ಸ್ವಾಮಿ? ಉಪ್ಪು ಕಮ್ಮಿ ಆಯ್ತಾ?"

ಗಬಗಬ ತಿನ್ನುತ್ತಿದ್ದ ನಿವೃತ್ತ ಕಂಡಕ್ಟರು ಕೈ ನಿಲ್ಲಿಸಿ, ಚಮಚ ನೆಕ್ಕಿ ಯೋಚಿಸಿದರು. "ಹ್ಞೂಂ... ಒಂಚೂರು ಕಮ್ಮೀನೇ."

ಪಕ್ಕದ ಮೇಜಿನವರದೂ ಅದೇ ಮಾತು. ಬಸವಲಿಂಗಯ್ಯ ನೇರ ಒಳಗೆ ನಡೆದ.

"ದ್ಯಾವಪ್ಪ, ನಾಡಿದ್ದಿಂದ ಬೇರೆಯವರನ್ನ ನೋಡ್ಕೋತೀನಿ ಕಣಯ್ಯ."

"ನೋಡ್ಕೊಳ್ಳಿ ಯಜಮಾನ್ರೇ. ನಾಳೆ ಒಂದು ಬೆಳಗ್ಗೆ ಮಾತ್ರ ಒಲೆ ಮುಂದೆ ನೀವು ನಿಂತ್ಕೊಳ್ಳಿ, ಗಿರಾಕಿಗಳನ್ನ ನಾನು ನೋಡ್ಕೋತೀನಿ."

ಮರುದಿನ ದ್ಯಾವಪ್ಪ ಮಾಡಿಟ್ಟ ಸಾಂಬಾರನ್ನು ಕಲಕುತ್ತ ಬಸವಲಿಂಗಯ್ಯ ಬೆವರಿದ. ಹೊರಗಿನಿಂದ ಒಂದೇ ಸಮನೆ ಕೂಗು: "ಇನ್ನೊಂದು ಬಟ್ಟಲು ಸಾಂಬಾರು!" ಕಂಡಕ್ಟರಂತೂ ಮೂರು ಸಲ ಹಾಕಿಸಿಕೊಂಡರು. ಒಂಬತ್ತು ಗಂಟೆಗೆಲ್ಲ ಪಾತ್ರೆ ಬರಿದಾಯಿತು.

"ಕಳ್ಳ! ಕೆಲಸ ಹೋಗುತ್ತೆ ಅಂದ ತಕ್ಷಣ ಕೈ ಸರಿಹೋಯ್ತು ನೋಡು," ಎಂದು ಬಸವಲಿಂಗಯ್ಯ ನಕ್ಕ. "ಇವತ್ತು ಉಪ್ಪು ಎಷ್ಟು ಹಾಕಿದ್ದೆ, ನಿಜ ಹೇಳು."

"ದಿನಾ ಹಾಕೋಷ್ಟೇ ಯಜಮಾನ್ರೇ. ಕಮ್ಮಿ ಆಯ್ತಾ ಅಂತ ಯಾರನ್ನೂ ಕೇಳೋಕೆ ಹೋಗ್ಲಿಲ್ಲ."