ಎರಡನೇ ಪಿಯಾನೊ

ತಮ್ಮನ ಹೆಂಡತಿ ಔಷಧಿ ಅಂಗಡಿಗೆ ಹೋದದ್ದೇ ತಡ, ಅಕ್ಕ ಕತ್ತರಿ ಹಿಡಿದು ಪಿಯಾನೊ ಮುಂದೆ ಕುಕ್ಕರಗಾಲಲ್ಲಿ ಕೂತಳು. ಕೆಳಗಿನ ಹಲಗೆ ತೆಗೆದಳು. ಒಳಗೆ ತಿದಿ, ಅದರಿಂದ ಮೇಲಕ್ಕೆ ಹೋಗುವ ದಪ್ಪ ರಬ್ಬರ್ ಕೊಳವೆ. ಕಚಕ್. ಪಕ್ಕದ ಪಿಯಾನೊಗೂ ಅದೇ ಶಾಸ್ತಿ.

ಅವು ತಾವೇ ನುಡಿಯುವ ಹಳೇ ಕಾಲದ ಪಿಯಾನೊಗಳು. ತೂತು ಕೊರೆದ ಕಾಗದದ ಸುರುಳಿ ಸಿಕ್ಕಿಸಿ ಕಾಲಲ್ಲಿ ತುಳಿದರೆ ತಿದಿ ಗಾಳಿ ಎಳೆಯುತ್ತದೆ, ಬಿಳಿ-ಕಪ್ಪು ಪಟ್ಟಿಗಳು ತಮ್ಮಷ್ಟಕ್ಕೆ ಕುಣಿಯುತ್ತವೆ. ಸಂಗೀತದ ಗಂಧಗಾಳಿ ಇಲ್ಲದವರೂ ವಿದ್ವಾಂಸರೇ! ತಮ್ಮನ ಹೆಂಡತಿಗೆ ಈ ಹುಚ್ಚು ಹತ್ತಿದ್ದಾದರೂ ಯಾವಾಗ? ಡಾಕ್ಟರು ಕೈಚೆಲ್ಲಿ ತಮ್ಮನನ್ನು ಮನೆಗೆ ಕಳಿಸಿ, ಅವನನ್ನು ನೋಡಿಕೊಳ್ಳಲು ಅಕ್ಕ ಗಂಟುಮೂಟೆ ಕಟ್ಟಿಕೊಂಡು ಬಂದ ವಾರದಲ್ಲೇ. ಮುಚ್ಚಿಹೋದ ಸಿನಿಮಾ ಮಂದಿರದಿಂದ ಮೊದಲನೆಯದು ಬಂತು. ಸುರುಳಿ ಬದಲಿಸುವಷ್ಟು ಹೊತ್ತೂ ಅವಳಿಗೆ ತಡೆಯಲಿಲ್ಲ, ಎರಡನೆಯದೂ ಬಂತು. ಇದು ಮುಗಿಯುವ ಮುಂಚೆ ಅದಕ್ಕೆ ಹಾರುತ್ತಿದ್ದಳು. ಮೆಲುದನಿಯ ಹಾಡು ಬೇಡವೇ ಬೇಡ, ಸಿಪಾಯಿಗಳ ಕವಾಯತಿನ ಅಬ್ಬರವೇ ಬೇಕು. ಸಂಜೆಯಾದರೆ ಗಂಡನ ಕೋಣೆಯ ಬಾಗಿಲು ಹಾಕಿ, ಆ ಬಾಗಿಲನ್ನೇ ನೋಡುತ್ತಾ ತುಳಿಯುವಳು.

ಅಮ್ಮ ಸತ್ತ ಮೇಲೆ ತಮ್ಮನನ್ನು ಸಾಕಿದವಳು ಅಕ್ಕ. ಅವನು ಬಿದ್ದು ಮಂಡಿ ತರಚಿಕೊಂಡರೆ ಅಳುತ್ತಿದ್ದವಳು ಅವಳು, ಸಮಾಧಾನ ಮಾಡುತ್ತಿದ್ದವನು ಅವನು. ಈಗ ಉಳಿದಿರುವುದು ಕೆಲವೇ ದಿನ. ಅಷ್ಟು ದಿನವಾದರೂ ಅವನು ನೆಮ್ಮದಿಯಾಗಿ ಮಲಗಬೇಕು, ಅವಳಿಗೆ ಇದ್ದದ್ದು ಅದೊಂದೇ ಆಸೆ.

ಬೆಳಿಗ್ಗೆ ಹಾಲು ಕುಡಿಸುವಾಗ ಕೇಳಿಯೂ ಇದ್ದಳು.

"ಆ ಗಲಾಟೆ ನಿಲ್ಸು ಅಂತ ಅವಳಿಗೆ ಹೇಳಬಾರ್ದೇನೋ?"

"ಇರ್ಲಿ ಬಿಡಕ್ಕ, ನಂಗೂ ಇಷ್ಟ." ಅವನ ದನಿ ಗೊಗ್ಗರಾಗಿತ್ತು. "ನಾನೂ ಜೊತೇಲಿ ಹಾಡ್ತೀನಿ."

ಈ ಸ್ಥಿತಿಯಲ್ಲೂ ಹೆಂಡತಿಯನ್ನು ವಹಿಸಿಕೊಳ್ಳುತ್ತಾನಲ್ಲ ಎಂದು ಅಕ್ಕನಿಗೆ ಸಿಟ್ಟೂ ಬಂದಿತ್ತು, ಅಳುವೂ ಬಂದಿತ್ತು.

ತಮ್ಮನ ಹೆಂಡತಿ ಬರಿಗೈಯಲ್ಲಿ ಬಂದಳು. "ಸ್ಟಾಕ್ ಇಲ್ವಂತೆ, ನಾಳೆ ಬನ್ನಿ ಅಂದ್ರು," ಎನ್ನುತ್ತಲೇ ಕೋಣೆಯ ಬಾಗಿಲು ಹಾಕಿ ಪಿಯಾನೊಗೆ ಕೂತು ತುಳಿದಳು. ಉಸ್ ಎಂದಿತು. ಎರಡನೆಯದಕ್ಕೆ ಓಡಿದಳು. ಅದೂ ಉಸ್. ಬಗ್ಗಿ ನೋಡಿದಳು. ಮುಖದ ಬಣ್ಣ ಇಳಿದುಹೋಯಿತು.

"ಅಕ್ಕ, ನಿಮಗೆ ಕೈ ಮುಗೀತೀನಿ. ಸ್ವಲ್ಪ ಹೊತ್ತು ಹೊರಗಡೆ ಹೋಗಿಬನ್ನಿ."

"ನಾನ್ಯಾಕೆ ಹೋಗ್ಲಿ? ಇವತ್ತೊಂದಿನ ಅವನು ಸದ್ದಿಲ್ದೆ ಮಲಗ್ಲಿ. ನಾನಿಲ್ಲೇ ಕೂತಿರ್ತೀನಿ."

ಅಕ್ಕ ಕುರ್ಚಿ ಎಳೆದುಕೊಂಡು ಕೂತಳು. ಎಷ್ಟೋ ದಿನದ ಮೇಲೆ ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು. ಗೆದ್ದೆ ಅನ್ನಿಸಿತು.

ಮುಚ್ಚಿದ ಬಾಗಿಲಿನ ಆಚೆಯಿಂದ ತಮ್ಮ ಹಲ್ಲು ಕಚ್ಚಿಕೊಂಡು ಹೆಂಡತಿಯನ್ನು ಕೂಗಿದ: "ಬೇಗ ಶುರು ಮಾಡೇ, ತಡ್ಕೊಳ್ಳೋಕಾಗ್ತಿಲ್ಲ... ಕಿರುಚಿದ್ರೆ ಅಕ್ಕಂಗೆ ಕೇಳಿಸ್ಬಿಡುತ್ತೆ!"