ಹೊರಬೀಡಿನ ದಿನದ ನೀರು

"ಅಕ್ಕಾ, ನಿಮ್ಮೂರು ಅಳಿಸಿಹೋಗೈತೆ" ಎಂದು ನ್ಯಾಮತಿಯಿಂದ ಫಯಾಜ್ ಫೋನ್ ಮಾಡಿದಾಗ ಸಂಧ್ಯಾರಾಣಿಯ ಬಾಯಲ್ಲಿ ಹೋಳಿಗೆ ಇತ್ತು. ಸುತ್ತ ನೋಡಿದಳು. ಅವಳ ಊರು ಪೂರ್ತಿ ಮಾವಿನ ತೋಪಿನಲ್ಲಿ ಎಲೆ ಹಾಕಿಕೊಂಡು ಗಡದ್ದಾಗಿ ಉಣ್ಣುತ್ತಿತ್ತು. ಅಂದು ಹೊರಬೀಡು. ವರ್ಷಕ್ಕೊಂದು ಮಂಗಳವಾರ ಕೋಳಿ ಕೂಗುವ ಮುಂಚೆಯೇ ಮನೆಮನೆಗೆ ಬೀಗ ಬೀಳುತ್ತದೆ. ದನಕರು, ಕೂಸು, ಮುದುಕರು ಸಮೇತ ಊರಿಗೆ ಊರೇ ಹೊರಬಿದ್ದು, ಬಯಲಲ್ಲೇ ಬೇಯಿಸಿ ಉಂಡು, ದೀಪ ಹಚ್ಚುವ ಹೊತ್ತಿಗೆ ಮರಳುತ್ತದೆ. ಅಲ್ಲಿಯತನಕ ಊರೊಳಗೆ ಒಂದು ನರಪಿಳ್ಳೆಯೂ ಇರಕೂಡದು.

ಅಳಿಸಿಹೋಗಿದ್ದು ಸರ್ವರಿನೊಳಗಿನ ಊರು. ಸಂಧ್ಯಾ ಮತ್ತು ಫಯಾಜ್ ನ್ಯಾಮತಿಯ ಪುಟ್ಟ ಆಫೀಸೊಂದರಿಂದ ಸುತ್ತಲಿನ ಹಳ್ಳಿಗಳ ನೀರಿನ ಮೋಟರು ನಡೆಸುವವರು. ಸರ್ವರಿನಲ್ಲಿ ಊರಿಗೊಂದು ಕಂಟೈನರ್; ಒಂದೇ ಮನೆಗೆ ಅಡ್ಡಗೋಡೆ ಹಾಕಿ ಬೇರೆ ಮಾಡಿದ ಕೋಣೆಗಳಿದ್ದಂತೆ. ಮೋಟರು ಯಾವಾಗ ಶುರುವಾಗಬೇಕು, ಯಾವಾಗ ನಿಲ್ಲಬೇಕು ಎಂಬುದೆಲ್ಲ ಆಯಾ ಕೋಣೆಯೊಳಗೇ. ಕೋಣೆಗಳ ಯಜಮಾನಿಕೆ ಮಾತ್ರ ಸಂಧ್ಯಾ ಬರೆದ ಕೋಡಿನದು. ಅದು ಎಪಿಐ ಎಂಬ, ಸರ್ವರಿಗೆ ಅಪ್ಪಣೆ ಕೊಡುವ ದಾರಿಯ ಮೂಲಕ ಹುಟ್ಟಿಸು, ನಡೆಸು, ನಿಲ್ಲಿಸು, ಅಳಿಸು ಎಂದರೆ ಆಯಿತು, ಮನುಷ್ಯರ ಕೈ ತಾಗಬೇಕಿಲ್ಲ. ಒಂದಷ್ಟು ಊರಿನವರು ಹೇಳದೆ ಕೇಳದೆ ಇವರನ್ನು ಬಿಟ್ಟುಹೋಗಿದ್ದರು. ಅವರ ಕೋಣೆಗಳು ದಂಡಕ್ಕೆ ಜಾಗ ತಿನ್ನುತ್ತಿದ್ದವು. ಅದಕ್ಕೆಂದೇ ಅವಳು ಈಚೆಗೆ ಒಂದು ಸಾಲು ಸೇರಿಸಿದ್ದಳು: ಬೆಳಗಿನಿಂದ ಮಧ್ಯಾಹ್ನದವರೆಗೆ ತೊಟ್ಟು ನೀರೂ ಖರ್ಚಾಗದಿದ್ದರೆ ಆ ಊರನ್ನು ಅಳಿಸು. ಒಂದು ಕೊಡ ನೀರು ಹಿಡಿಯದ ಊರು ಎಲ್ಲಾದರೂ ಉಂಟೇ ಎಂದು ಫಯಾಜನೆದುರು ಜಂಬವನ್ನೂ ಕೊಚ್ಚಿದ್ದಳು. ಹೊರಬೀಡಿನ ಹೋಳಿಗೆ ತಿಂದೇ ಬೆಳೆದವಳಿಗೆ ಆಗ ಹೊರಬೀಡೇ ನೆನಪಾಗಲಿಲ್ಲ, ನೋಡಿ.

ಟ್ಯಾಂಕು ಖಾಲಿಯಿತ್ತು. ಹೊರಬೀಡಿಗೆ ಹಳೆ ನೀರು ಉಳಿಸುವಂತಿಲ್ಲ. ಟ್ಯಾಂಕು ಬರಿದು ಮಾಡಿ, ಕೊಡಗಳನ್ನು ಬೋರಲು ಹಾಕಿಯೇ ಹೊರಡುವುದು. ಸಂಜೆ ಹೊಸ ನೀರಲ್ಲಿ ಹೊಸಿಲು ತೊಳೆಯದೆ ಯಾರೂ ಮನೆಯೊಳಗೆ ಕಾಲಿಡುವುದಿಲ್ಲ. ಹಾಗಾಗಿ ಪ್ರತಿವರ್ಷ ನೀರುಗಂಟಿ ಹನುಮಂತಪ್ಪ ಒಬ್ಬನೇ ಮಧ್ಯಾಹ್ನ ಊರಿಗೆ ಹೋಗಿ ಮೋಟರು ಹಾಕಿ ಬರಬೇಕಿತ್ತು. ಊರೊಳಗೆ ಹೋಗಿಬಂದವನು ಅಂದು ಪಂಕ್ತಿಗೆ ಸಲ್ಲ. ಹೆಂಡತಿ ಕೊಟ್ರಮ್ಮ ತೋಪಿನ ಅಂಚಿಗೆ ಎಲೆ ಒಯ್ದು ಕೊಟ್ಟರೆ ಒಬ್ಬನೇ ಉಂಡು ಏಳುತ್ತಿದ್ದ. ಊರಿಗೆಲ್ಲ ಅವನ ನೀರು ಬೇಕು, ಅವನ ಪಕ್ಕದ ಜಾಗ ಬೇಡ. ಇದನ್ನು ಸಣ್ಣವಳಿದ್ದಾಗಿನಿಂದ ನೋಡಿ ಸಂಕಟಪಟ್ಟಿದ್ದ ಸಂಧ್ಯಾ, ಈ ಸಲ ಅವನ ಮನೆಗೇ ಹೋಗಿ ಮಾತು ಕೊಟ್ಟಿದ್ದಳು: "ದೊಡ್ಡಪ್ಪಾ, ನೀವು ಎದ್ದು ಹೋಗಾಕೆ ಬ್ಯಾಡ. ಮೋಟರು ತಾನೇ ಶುರುವಾಗ್ತೈತೆ. ಎಲ್ಲಾರ ಜೊತೆ ಕುಂತು ಉಣ್ರಿ." ಹನುಮಂತಪ್ಪ ಮಡಿ ಪಂಚೆ ಉಟ್ಟು, ಪಂಕ್ತಿಯ ನಡುವೆ ಊರಿನ ಹಿರಿಯ ಅಂಜಿನಪ್ಪನ ಪಕ್ಕ ಕೂತಿದ್ದ. ಕೊಟ್ರಮ್ಮ ಅವನ ಹೋಳಿಗೆಗೆ ಎರಡೆರಡು ಸಲ ತುಪ್ಪ ಹಾಕಿದ್ದಳು.

ಸಂಧ್ಯಾಳ ಲ್ಯಾಪ್‌ಟಾಪು ಬೀಗ ಹಾಕಿದ ಮನೆಯಲ್ಲಿತ್ತು. ಕೋಣೆಯನ್ನು ಹೊಸದಾಗಿ ಹುಟ್ಟಿಸಿ ಟ್ಯಾಂಕು ತುಂಬಲು ಹೇಳು ಎಂದು ಫಯಾಜನಿಗೆ ಅವಸರಿಸಿದಳು. ಅವನು ಆಯ್ತು ಎಂದ. ಮರುಗಳಿಗೆಯೇ ದನಿ ಸಣ್ಣಗಾಯಿತು. "ಅಕ್ಕಾ, ಹುಟ್ಟಿಸಿದೆ. ಬೆಳಗಿಂದ ನೀರು ಖರ್ಚಾಗಿಲ್ಲ ಅಂತ ನಿಮ್ಮ ಕೋಡು ಮತ್ತೆ ಅಳಿಸ್ತು."

ಮಾಡಿದ್ದುಣ್ಣೋ ಮಹರಾಯ ಅಂದರೆ ಇದೇ. ಅಷ್ಟರಲ್ಲಿ ಹನುಮಂತಪ್ಪ ಕೈಯಲ್ಲಿದ್ದ ತುತ್ತನ್ನು ಎಲೆಗೆ ಬಿಟ್ಟಿದ್ದ. ಟ್ಯಾಂಕಿನ ಕಡೆಯಿಂದ ಸದ್ದಿಲ್ಲದ್ದು ಅವನ ಕಿವಿಗೆ ಗೊತ್ತಾಗಿತ್ತು. ಎದ್ದು ಕೈ ತೊಳೆದು ಚಪ್ಪಲಿ ಮೆಟ್ಟಿದ. "ಬರಲಿಲ್ಲ ಅಲ್ಲೇನವ್ವಾ? ಇರ್ಲಿ ಬಿಡು, ನಂಗೇನು ಹೊಸದಲ್ಲ" ಎಂದು ಅವಳಿಗೇ ಸಮಾಧಾನ ಹೇಳಿದ. ಯಾರೂ ಅವನನ್ನು ತಡೆಯಲಿಲ್ಲ. ಕೊಟ್ರಮ್ಮ ಅವನ ಎಲೆಯ ಮೇಲೆ ಇನ್ನೊಂದು ಎಲೆ ಮುಚ್ಚಿದಳು. ಅದನ್ನು ಕಂಡು ಸಂಧ್ಯಾಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಫಯಾಜ್, ಮೊದಲು ಆ ಸಾಲು ಕಿತ್ತುಹಾಕು. ಆಮೇಲೆ ಹುಟ್ಟಿಸು" ಎಂದು ಫೋನಿನಲ್ಲಿ ಹೇಳುತ್ತಲೇ ಹನುಮಂತಪ್ಪನ ಹಿಂದೆ ಓಡಿದಳು. ಬಿಟ್ಟುಹೋದ ಊರುಗಳೆಲ್ಲ ಉಳಿದುಕೊಂಡು ಸರ್ವರು ತುಂಬಿದರೆ ಎಂದು ಫಯಾಜ್ ಕೇಳಿದ. ತುಂಬಲಿ ಎಂದಳು. ಊರಬಾಗಿಲಿಗೆ ಅಡ್ಡ ಎಳೆದಿದ್ದ ಬೇಲಿಮುಳ್ಳನ್ನು ಸರಿಸಲು ಹನುಮಂತಪ್ಪ ಬಗ್ಗಿದ್ದ. ಆಗ ಕೇಳಿಸಿತು, ಖಾಲಿ ಟ್ಯಾಂಕಿನ ತಳಕ್ಕೆ ನೀರು ದಬದಬ ಬೀಳುವ ಸದ್ದು. ನಾಯಿಯೂ ಬೊಗಳದ ಆ ಊರಿನಲ್ಲಿ ಬೇರೆ ಸದ್ದೇ ಇರಲಿಲ್ಲ. ಹನುಮಂತಪ್ಪ ಮುಳ್ಳಿನಿಂದ ಕೈ ತೆಗೆದ.

ಇಬ್ಬರೂ ತೋಪಿಗೆ ಮರಳಿದಾಗ, ಒಳಗೆ ಕಾಲಿಟ್ಟೆಯೇನೋ ಎಂದು ಅಂಜಿನಪ್ಪ ವಿಚಾರಿಸಿದ. ಇಲ್ಲ ಎಂದ ಮೇಲೆ ಸರಿದು ಜಾಗ ಬಿಟ್ಟ. ಕೊಟ್ರಮ್ಮ ಮುಚ್ಚಿದ್ದ ಎಲೆ ತೆಗೆದು, ಮೂರನೇ ಸಲ ತುಪ್ಪ ಹಾಕಿದಳು. ಏನಾಗಿತ್ತವ್ವಾ ಎಂದು ಹನುಮಂತಪ್ಪ ಕೇಳಿದ. ಸಂಧ್ಯಾ ತಲೆ ತಗ್ಗಿಸಿ, ಊರಲ್ಲಿ ಯಾರೂ ಇಲ್ಲವೆಂದು ಊರನ್ನೇ ಅಳಿಸಿಬಿಟ್ಟಿತ್ತು, ಹಾಗೆ ಹೇಳಿಕೊಟ್ಟವಳು ನಾನೇ ಎಂದಳು.

ಹನುಮಂತಪ್ಪ ಹೋಳಿಗೆ ಮುರಿದ. "ಹೊರಗೆ ಹೋದೋರು ಸಂಜೆಗೆ ಬರ್ತಾರೆ ಅಂತಾನೂ ಅದಕ್ಕೆ ಹೇಳಿಕೊಡವ್ವಾ."